ಗುಬ್ಬಿಯ ಜ್ವರ

ಯಾವ ದೇಶದ ಅಧಿಕಾರಿಗೆ ಯಾವಾಗ ವರ್ಗವಾಗುತ್ತದೆ ಅನ್ನುವುದು ಆ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ನರ್ಸಮ್ಮನಿಗೆ. ಯಾರೂ ಬಂದು ಹೇಳುತ್ತಿರಲಿಲ್ಲ. ಮಕ್ಕಳಿಗೆ ಹೊಟ್ಟೆನೋವು ಬರುತ್ತಿತ್ತು, ಅಷ್ಟೆ. ಮನೆಯಲ್ಲಿ ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೆ ಮಾರನೆಯ ದಿನ ಎರಡನೇ ಪಿರಿಯಡ್ಡಿನ ಹೊತ್ತಿಗೆ ಮಗು ಹೊಟ್ಟೆ ಹಿಡಿದುಕೊಂಡು ಸಿಕ್ ರೂಮಿನ ಬಾಗಿಲಲ್ಲಿ ನಿಂತಿರುತ್ತಿತ್ತು. ನರ್ಸಮ್ಮ ಒಂದು ಲೋಟ ಬಿಸಿನೀರು ಕೊಟ್ಟು, ಮಂಚದ ಮೇಲೆ ಮಲಗಿಸಿ, 'ಎಲ್ಲಿಗಂತೆ?' ಎಂದು ಕೇಳುತ್ತಿದ್ದಳು. ಮಗು ಯಾವುದೋ ಊರಿನ ಹೆಸರು ಹೇಳುತ್ತಿತ್ತು. ಹೇಳಿದ ಮೇಲೆ ನೋವು ಅರ್ಧ ಇಳಿಯುತ್ತಿತ್ತು.

ಅದು ರಾಯಭಾರ ಕಚೇರಿಗಳವರ ಮಕ್ಕಳಿಗೆಂದೇ ಇದ್ದ ಶಾಲೆ. ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ, ತಂತಿಯ ಮೇಲೆ ಕ್ಯಾಮೆರಾ. ಒಳಗೆ ಮಾತ್ರ ಹುಲ್ಲು, ಈಜುಕೊಳ, ಬಣ್ಣಬಣ್ಣದ ಮೆಟ್ಟಿಲು. ಜಗತ್ತಿನ ಜಗಳಗಳೆಲ್ಲ ಅಲ್ಲಿ ಒಂದೇ ಹಾಲಿನಲ್ಲಿ ಕೂತು ಊಟ ಮಾಡುತ್ತಿದ್ದವು. ಹಾಗಾಗಿ ಹೆಡ್ ಸಾಹೇಬರು ಯಾರಿಗೂ ಬೇಜಾರಾಗದ ಹಾಗೆ ಶಾಲೆ ನಡೆಸುವ ವಿದ್ಯೆಯಲ್ಲಿ ಪಳಗಿದ್ದರು. ಕಾರಿಡಾರಿನಲ್ಲಿ ತೂಗುಹಾಕಿದ್ದ ದೊಡ್ಡ ಭೂಪಟದಲ್ಲಿ ಒಂದೂ ಗಡಿ ಇರಲಿಲ್ಲ, ಬರೀ ನದಿ, ಬೆಟ್ಟ, ಸಮುದ್ರ. ಯಾವ ಗಡಿ ಬರೆದರೂ ಒಂದಲ್ಲ ಒಂದು ಎಂಬಸಿಯಿಂದ ಫೋನು ಬರುತ್ತಿತ್ತಂತೆ. ಫುಟ್‌ಬಾಲ್ ಟೀಮುಗಳಿಗೆ ಬಣ್ಣಗಳ ಹೆಸರೂ ಇಡಲಾಗದೆ (ಬಣ್ಣವೆಂದರೆ ಯಾರದೋ ಬಾವುಟ) ಹಣ್ಣುಗಳ ಹೆಸರು ಇಟ್ಟಿದ್ದರು. ಯಾವ ದೇಶವೂ ಬಾಳೆಹಣ್ಣಿನ ಮೇಲೆ ಇನ್ನೂ ತಕರಾರು ತೆಗೆದಿರಲಿಲ್ಲ.

ಆ ಶಾಲೆಯ ಇನ್ನೊಂದು ವಿಚಿತ್ರವೆಂದರೆ, ಅಲ್ಲಿ ಮಗುವಿನ ಪೋಷಕರು ಅಂದರೆ ಅಪ್ಪ ಅಮ್ಮ ಅಲ್ಲ, ಎಂಬಸಿ. ಸೇರಿಸುವುದು ಎಂಬಸಿ, ಬಿಡಿಸುವುದು ಎಂಬಸಿ, ಸಂಜೆ ಗೇಟಿನಲ್ಲಿ ಮಗುವನ್ನು ಕರೆದುಕೊಂಡು ಹೋಗುವುದು ಎಂಬಸಿಯ ಕಾರು. ಕಾರು ಬಂದರೆ ಮಗು ಹತ್ತಿತು, ಮುಗಿಯಿತು. ಇದರಲ್ಲಿ ಯಾರೂ ಏನೂ ತಪ್ಪು ಕಂಡಿರಲಿಲ್ಲ. ನರ್ಸಮ್ಮನ ಸ್ವಂತ ಮಗಳು ಚಿನ್ನಿ ಕೂಡ ಅದೇ ಶಾಲೆಯ ಎರಡನೇ ಕ್ಲಾಸಿನಲ್ಲಿದ್ದಳು. ನರ್ಸಮ್ಮನ ಗಂಡ ತಮ್ಮ ದೇಶದ ಎಂಬಸಿಯಲ್ಲಿ ಗುಮಾಸ್ತ. ಎಂಬಸಿಯವರ ಹೆಂಡಂದಿರಿಗೆ ಆ ಊರಿನಲ್ಲಿ ಬೇರೆ ಕಡೆ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಶಾಲೆಯಲ್ಲಿ ಮಾತ್ರ ಬಿಡುತ್ತಿದ್ದರು. ಹೀಗೆ ಮನೆ ಎಂಬಸಿಯದು, ಕೆಲಸ ಎಂಬಸಿಯ ದಯೆ, ಮಗಳೂ ಒಂದು ಲೆಕ್ಕದಲ್ಲಿ ಎಂಬಸಿಯವಳೇ. 'ನಮ್ಮದು ಅಂತ ಇರೋದು ಎರಡು ಸೂಟ್‌ಕೇಸು' ಎಂದು ಗಂಡ ತಮಾಷೆ ಮಾಡುತ್ತಿದ್ದ. ಆಗೆಲ್ಲ ಅವಳು ನಗುತ್ತಿದ್ದಳು.

ನಗು ನಿಂತದ್ದು ಅತ್ತ ಅವರ ಸ್ವಂತ ದೇಶದಲ್ಲಿ ಸರ್ಕಾರ ಬಿದ್ದ ಮೇಲೆ. ಟೀವಿಯಲ್ಲಿ ಒಂದು ದಿನ ಹಳೆಯ ಮುಖಗಳು ಹೋಗಿ ಸಮವಸ್ತ್ರದ ಮುಖಗಳು ಬಂದವು. ಎಂಬಸಿಯಲ್ಲಿ ಗೋಡೆಯ ಫೋಟೋ ಬದಲಾಯಿತು. ಎಲ್ಲರ ಪಾಸ್‌ಪೋರ್ಟುಗಳನ್ನೂ 'ಹೊಸ ಮುದ್ರೆ ಒತ್ತಬೇಕು' ಎಂದು ಹೇಳಿ ಮಾವ ತೆಗೆದುಕೊಂಡು ಹೋಗಿ ತನ್ನ ಬೀರುವಿನಲ್ಲಿ ಇಟ್ಟುಕೊಂಡ.

ಮಾವ ಅಂದರೆ ಯಾರಿಗೂ ನಿಜವಾದ ಮಾವ ಅಲ್ಲ. ಎಂಬಸಿಯಲ್ಲಿ ಮನೆ, ಕಾರು, ಟಿಕೆಟ್ಟು, ಪಾಸ್‌ಪೋರ್ಟು ಎಲ್ಲ ನೋಡಿಕೊಳ್ಳುತ್ತಿದ್ದ ಗುಂಡಗಿನ ಬಕ್ಕತಲೆಯ ಮನುಷ್ಯ. ನಲ್ಲಿ ಸೋರಿದರೂ ಅವನೇ, ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಬೇಕಾದರೂ ಅವನೇ. ಜೇಬಿನ ತುಂಬ ಚಾಕಲೇಟು. ಮಕ್ಕಳಿಗೆ ಅವನೆಂದರೆ ಪ್ರಾಣ. ಸರ್ಕಾರ ಬದಲಾದ ಮೇಲೆ ಎಲ್ಲರೂ ಬೆದರಿ ಬೆಂಡಾಗಿ ಓಡಾಡುವಾಗ ಅವನೊಬ್ಬ ಮೊದಲಿನ ಹಾಗೇ ಇದ್ದ, ಅದೇ ನಗು, ಅದೇ ಚಾಕಲೇಟು. ಅದನ್ನು ಕಂಡರೇ ನರ್ಸಮ್ಮನಿಗೆ ಹೆದರಿಕೆಯಾಗುತ್ತಿತ್ತು.

ಆಮೇಲೆ ವಾಪಸ್ ಬರಬೇಕೆಂಬ ಆಜ್ಞೆಗಳು ಬರತೊಡಗಿದವು. ಮೊದಲು ಹೋದವರು ವಯಸ್ಸಾದ ಒಬ್ಬ ಅಧಿಕಾರಿ. ವಿಮಾನ ಇಳಿದರು ಅನ್ನುವ ತನಕ ಸುದ್ದಿ ಬಂತು. ಅದರ ಮುಂದೆ ಏನೂ ಬರಲಿಲ್ಲ. ಅವರ ಫೋನಿಗೆ ಮಾಡಿದರೆ ಯಾರೋ ಎತ್ತಿ, ಮಾತಾಡದೆ ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದರು. ಎರಡನೆಯ ಆಜ್ಞೆ ಬಂದದ್ದು ಗುಬ್ಬಿಯ ಅಪ್ಪನಿಗೆ.

ಗುಬ್ಬಿ ನಾಲ್ಕನೇ ಕ್ಲಾಸಿನ ಹುಡುಗಿ. ಸಣ್ಣ ಮೈ, ದೊಡ್ಡ ಕನ್ನಡಕ. ಅವಳ ಅಪ್ಪ ದೊಡ್ಡ ಅಧಿಕಾರಿ, ಗುಮಾಸ್ತನ ಹೆಂಡತಿ ಕ್ವಾರ್ಟರ್ಸಿನ ಲಿಫ್ಟಿನಲ್ಲಿ ಸಿಕ್ಕರೆ ತಲೆ ಆಡಿಸುವಷ್ಟು ಮಾತ್ರ ಸಲಿಗೆ. ಅಮ್ಮ ಹಾಗಲ್ಲ. ಬಂದ ಹೊಸದರಲ್ಲಿ ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ ಎಂದು ಅಳುತ್ತಾ ಕೂತಿದ್ದವಳನ್ನು ನರ್ಸಮ್ಮ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ತೋರಿಸಿದ್ದಳು. ಅಲ್ಲಿಂದ ಅವಳು 'ಅಕ್ಕ' ಎಂದೇ ಕರೆಯುತ್ತಿದ್ದಳು. ದೇಶ ಬಿಟ್ಟು ಬಂದ ಕಡೆ ಕೊತ್ತಂಬರಿ ಸೊಪ್ಪಿನಿಂದಲೂ ನೆಂಟಸ್ತನ ಬೆಳೆಯುತ್ತದೆ.

ಆ ದಿನ ಮಧ್ಯಾಹ್ನದ ಊಟದ ಗಂಟೆ ಮುಗಿದಿತ್ತು. ಮೊಣಕಾಲು ತರಚಿಕೊಂಡ ಹುಡುಗನೊಬ್ಬನಿಗೆ ಪಟ್ಟಿ ಅಂಟಿಸಿ ಕಳಿಸಿ ನರ್ಸಮ್ಮ ಕೈ ತೊಳೆಯುತ್ತಿದ್ದಳು. ಸಿಕ್ ರೂಮಿನ ಫೋನು ಹೊಡೆದುಕೊಂಡಿತು.

"ಅಕ್ಕ, ನಾನು. ಗುಬ್ಬಿ ಅಮ್ಮ. ಹೆಸರು ಹೇಳ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ."

ನರ್ಸಮ್ಮ ಒದ್ದೆ ಕೈಯಲ್ಲೇ ರಿಸೀವರ್ ಹಿಡಿದುಕೊಂಡಳು.

"ನಾವು ವಾಪಸ್ ಹೋಗ್ತಿಲ್ಲ. ಇಲ್ಲಿನ ಸರ್ಕಾರದ ಆಫೀಸಲ್ಲಿ ಕೂತಿದೀವಿ. ಆಶ್ರಯ ಕೊಡ್ತೀವಿ ಅಂದಿದಾರೆ, ಸಹಿ ಆಗೋ ತನಕ ಇಲ್ಲಿಂದ ಎದ್ದು ಹೋಗ್ಬೇಡಿ ಅಂತಾನೂ ಹೇಳಿದಾರೆ. ಬೆಳಿಗ್ಗೆ ಗುಬ್ಬಿನ ಶಾಲೆಗೆ ಕಳಿಸದೇ ಇದ್ರೆ ಮಾವನಿಗೆ ಅನುಮಾನ ಬರುತ್ತೆ ಅಂತ ಕಳಿಸಿಬಿಟ್ವಿ. ಈಗ ಹೇಗೋ ಗೊತ್ತಾಗಿಬಿಟ್ಟಿದೆ ಅಕ್ಕ. ಅವಳನ್ನ ಕರ್ಕೊಂಡು ಹೋಗೋಕೆ ಕಾರು ಕಳಿಸ್ತಾರೆ. ಅವಳು ಅವರ ಕೈಗೆ ಸಿಕ್ರೆ ನಾವು ಇಲ್ಲಿದ್ದು ಏನು ಮಾಡೋದು? ನಾವೇ ಹೋಗಿ ವಿಮಾನ ಹತ್ತಬೇಕಾಗುತ್ತೆ. ಶಾಲೆ ಬಿಡೋದ್ರೊಳಗೆ ಬಂದುಬಿಡ್ತೀವಿ. ಅಲ್ಲೀ ತನಕ ನಿಮ್ಮ ಹತ್ರ ಇಟ್ಕೊಳ್ಳಿ."

"ನಾನು ಹೇಗೆ..."

"ಜ್ವರ ಅನ್ನಿ. ಜ್ವರ ಬಂದ ಮಗೂನ ಅಪ್ಪ ಅಮ್ಮನಿಗೆ ಬಿಟ್ಟು ಬೇರೆಯವರಿಗೆ ಕೊಡಲ್ಲ ಅಂತ ನೀವೇ ಹೇಳಿದ್ರಿ ಒಂದ್ಸಲ."

ಅದು ನಿಜ. ಒಂದು ವರ್ಷ ಯಾವುದೋ ಎಂಬಸಿಯ ವ್ಯಾನಿನಲ್ಲಿ ಜ್ವರದ ಮಗುವೊಂದನ್ನು ತುಂಬಿ ಕಳಿಸಿದ್ದಕ್ಕೆ ವ್ಯಾನಿನ ಮಕ್ಕಳೆಲ್ಲರಿಗೂ ಹರಡಿ, ಅವರಿಂದ ಅವರಪ್ಪಂದಿರಿಗೆ ಹರಡಿ, ಆ ದೇಶದ ರಾಯಭಾರಿಯೇ ಮೈ ತುಂಬ ಗುಳ್ಳೆ ಎದ್ದು ಮಲಗಿಬಿಟ್ಟಿದ್ದರು. ಆಗ ಮಾಡಿದ ನಿಯಮ. ಜ್ವರವಿದ್ದಾಗ ಮಾತ್ರ ಆ ಶಾಲೆಯಲ್ಲಿ ಮಗು ಅಪ್ಪ ಅಮ್ಮನದಾಗುತ್ತಿತ್ತು.

"ಆಯ್ತು" ಅಂದಳು ನರ್ಸಮ್ಮ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಫೋನು ಇಟ್ಟಳು. ಚಿನ್ನಿ ಇದೇ ಕಟ್ಟಡದಲ್ಲಿದ್ದಾಳೆ, ಗಂಡ ಎಂಬಸಿಯಲ್ಲಿದ್ದಾನೆ, ಪಾಸ್‌ಪೋರ್ಟು ಮಾವನ ಬೀರುವಿನಲ್ಲಿದೆ. ಈ ಮೂರೂ ಒಂದರ ಹಿಂದೆ ಒಂದು ನೆನಪಾದವು. ಆದರೆ ಆಯ್ತು ಅಂದಾಗಿತ್ತು. ಅವಳು ಡ್ರಾಯಿಂಗ್ ಕ್ಲಾಸಿಗೆ ಹೋಗಿ ಗುಬ್ಬಿಯನ್ನು ಕರೆದುಕೊಂಡು ಬಂದಳು.

ಗುಬ್ಬಿ ಮಂಚದ ಮೇಲೆ ಕೂತು, ಬೂಟು ಬಿಚ್ಚಿ, ಎರಡನ್ನೂ ಒಂದರ ಪಕ್ಕ ಒಂದು ಜೋಡಿಸಿಟ್ಟಳು. ಆ ಶಾಲೆಯ ಮಕ್ಕಳೇ ಹಾಗೆ. ದೊಡ್ಡವರ ಪಾರ್ಟಿಗಳಲ್ಲಿ ಬೆಳೆದವರು. ಐದು ವರ್ಷಕ್ಕೇ ಕೈಕುಲುಕುವುದು, ಹೋಗಿಬರುತ್ತೇನೆ ಅನ್ನುವುದು, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅನ್ನುವುದು ಎಲ್ಲ ಬಂದಿರುತ್ತದೆ.

"ನಂಗೆ ಏನಾಗಿದೆ ಆಂಟಿ?"

"ಸ್ವಲ್ಪ ಜ್ವರ ಇದ್ದ ಹಾಗಿದೆ ಪುಟ್ಟ. ಮಲಗು."

ಗುಬ್ಬಿ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಏನೂ ಗೊತ್ತಾಗಲಿಲ್ಲ. ಆದರೂ ದೊಡ್ಡವರು ಹೇಳಿದ ಮೇಲೆ ಇರಲೇಬೇಕು ಅನ್ನುವ ಹಾಗೆ ಮಲಗಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಮಗು ಸುಳ್ಳನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನೋಡಿ ನರ್ಸಮ್ಮನಿಗೆ ನಿಜ ಹೇಳೋಣವೇ ಅನ್ನಿಸಿತು. ಏನೆಂದು ಹೇಳುವುದು? ನಿನಗೆ ಚಾಕಲೇಟು ಕೊಡುವ ಮಾವ ನಿನ್ನನ್ನು ಹಿಡಿದುಕೊಂಡು ಹೋಗಲು ಬರುತ್ತಾನೆ ಎಂದೇ? ಹತ್ತು ವರ್ಷದ ಮಗುವಿಗೆ ಹೇಳುವ ಮಾತಲ್ಲ ಅದು. ಹೇಳಿದರೆ ಹೆದರುತ್ತಾಳೆ, ಅಳುತ್ತಾಳೆ, ಗುಟ್ಟು ರಟ್ಟಾಗುತ್ತದೆ. ಜ್ವರವೇ ಇರಲಿ ಎಂದುಕೊಂಡಳು.

ಕಾರು ಬಂತು. ಸಿಕ್ ರೂಮಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ನರ್ಸಮ್ಮ ಪರದೆ ಎಳೆದಳು. ಸ್ವಲ್ಪ ಹೊತ್ತಿಗೆ ಹೆಡ್ ಸಾಹೇಬರು ಬಾಗಿಲಲ್ಲಿ ಮುಖ ತೋರಿಸಿ ಅವಳನ್ನು ಕಾರಿಡಾರಿಗೆ ಕರೆದರು.

"ನಿಮ್ಮ ಎಂಬಸಿಯಿಂದ ಬಂದಿದಾರೆ. ಹುಡುಗಿನ ಬೇಗ ಕಳಿಸಬೇಕಂತೆ. ಹುಡುಗಿ ಇಲ್ಲಿದಾಳೆ ಅಂತ ಕ್ಲಾಸ್ ಟೀಚರ್ ಹೇಳಿದ್ರು."

"ಜ್ವರ ಇದೆ ಸಾರ್."

ಹೆಡ್ ಸಾಹೇಬರು ಅವಳ ಮುಖ ನೋಡಿದರು. ದಡ್ಡರಲ್ಲ ಅವರು. ಟೀವಿ ಅವರ ಮನೆಯಲ್ಲೂ ಇತ್ತು.

"ಜ್ವರ ಇದ್ರೆ ನಿಯಮ ಇದೆ. ನಿಯಮದ ಮುಂದೆ ನಾನೂ ಏನೂ ಮಾಡೋ ಹಾಗಿಲ್ಲ. ಜ್ವರ ಇಲ್ಲ ಅಂದ್ರೆ ಅದಕ್ಕೂ ನಿಯಮ ಇದೆ, ಪೋಷಕರು ಅಂದ್ರೆ ಎಂಬಸಿ. ಇದೆಯೋ ಇಲ್ವೋ ಅಂತ ತೀರ್ಮಾನ ಮಾಡೋರು ನೀವು. ನಮ್ಮ ಶಾಲೆ ಯಾರ ಪಕ್ಷಾನೂ ವಹಿಸಲ್ಲ, ನಿಮಗೆ ಗೊತ್ತಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಷ್ಟು ಹೇಳಿ, ಗಡಿಗಳಿಲ್ಲದ ಭೂಪಟದ ಕೆಳಗೆ ಹಾದು ಅವರು ತಮ್ಮ ಕೋಣೆ ಸೇರಿಕೊಂಡರು. ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು. ಒಳ್ಳೆಯ ಮನುಷ್ಯರೇ. ಆದರೆ ಕೈ ತೊಳೆದುಕೊಳ್ಳುವುದರಲ್ಲಿ ನರ್ಸಮ್ಮನಿಗಿಂತ ಚುರುಕು.

ಜ್ವರದ ಸುದ್ದಿ ರಿಸೆಪ್ಷನ್ನಿಗೆ, ಅಲ್ಲಿಂದ ಎಂಬಸಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಗಂಡ.

"ಊಟ ಆಯ್ತಾ?" ಅಂದ. ಈ ಹೊತ್ತಿನಲ್ಲಿ ಅವನು ಯಾವತ್ತೂ ಊಟದ ವಿಷಯ ಕೇಳಿದವನಲ್ಲ. ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎಂದು ಆ ಒಂದು ಮಾತಿನಿಂದಲೇ ಅವಳಿಗೆ ಗೊತ್ತಾಯಿತು.

"ಆಯ್ತು."

"ನೋಡು, ಗುಬ್ಬಿನ ಕರ್ಕೊಂಡು ಬರೋಕೆ ಮಾವ ಬಂದಿದಾರಂತೆ. ಅವಳಿಗೆ ಜ್ವರ ಅಂತ ಏನೋ ಹೇಳಿದ್ಯಂತೆ. ಇಲ್ಲಿ ಎಂಬಸಿ ಸಾಹೇಬ್ರು ಕೇಳ್ತಿದಾರೆ. ಅಂಥ ಜ್ವರ ಏನಲ್ಲ ಅಲ್ವಾ? ಕಳಿಸಿಬಿಡು."

"ಜ್ವರ ಇದೆ ರೀ."

ಗಂಡನ ಧ್ವನಿ ಇನ್ನೂ ಮೆತ್ತಗಾಯಿತು. "ಚಿನ್ನಿನೂ ಅಲ್ಲೇ ಇದಾಳೆ. ಅವಳನ್ನೂ ಕರ್ಕೊಂಡು ಬಂದ್ಬಿಡೋಕೆ ಹೇಳ್ಲಾ ಅಂತ ಸಾಹೇಬ್ರು ಕೇಳ್ತಿದಾರೆ. ಮನೆಗಲ್ಲ. ಇಲ್ಲಿಗೆ." ಹದಿನಾಲ್ಕು ವರ್ಷ ಬಾಳಿದ ಗಂಡ. ಅವನು ಬೆದರಿಸುತ್ತಿಲ್ಲ, ಅವನ ಬಾಯಿಂದ ಬೆದರಿಕೆ ಹಾಕಿಸುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಹಗುರಾಗಲಿಲ್ಲ.

"ನೋಡ್ತೀನಿ" ಎಂದು ಫೋನು ಇಟ್ಟಳು.

ಗೋಡೆಗೆ ಒರಗಿ ನಿಂತಳು. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಮಾವನ ಮೇಲಲ್ಲ, ಗುಬ್ಬಿಯ ಅಪ್ಪ ಅಮ್ಮನ ಮೇಲೆ. ಅವರಿಗೇನು, ದೊಡ್ಡವರು, ಬೇರೆ ಸರ್ಕಾರದ ಆಫೀಸಿನಲ್ಲಿ ಮೆತ್ತನೆ ಕುರ್ಚಿಯಲ್ಲಿ ಕೂತಿದ್ದಾರೆ. ಗುಮಾಸ್ತನ ಹೆಂಡತಿಗೆ ಯಾರು ಆಶ್ರಯ ಕೊಡುತ್ತಾರೆ? ಇಷ್ಟು ದಿನ ಲಿಫ್ಟಿನಲ್ಲಿ ತಲೆ ಆಡಿಸಿದ್ದಕ್ಕೆ ಇಷ್ಟು ದೊಡ್ಡ ಸಾಲ ತೀರಿಸಬೇಕೇ? ಕಳಿಸಿಬಿಟ್ಟರಾಯಿತು. ಜ್ವರ ಇಳಿಯಿತು ಅಂದರಾಯಿತು. ಯಾವ ಮಗುವಿನ ಜ್ವರವೂ ಇಳಿಯಬಹುದು, ಅದಕ್ಕೆ ಸಾಕ್ಷಿ ಬೇಕಾಗಿಲ್ಲ.

"ಆಂಟಿ, ಕಾರು ಬಂತಾ?" ಮಂಚದಿಂದ ಗುಬ್ಬಿ ಕೇಳಿದಳು.

"ಇಲ್ಲ ಪುಟ್ಟ. ಯಾಕೆ?"

"ಹಾರ್ನ್ ಕೇಳಿಸಿದ ಹಾಗಾಯ್ತು. ನಮ್ಮ ಕಾರಿನದ್ದು ಬೇರೆ ಥರ ಇರುತ್ತೆ, ನಂಗೆ ಗೊತ್ತಾಗುತ್ತೆ. ಕಾಯ್ಸೋದು ತಪ್ಪು ಅಂತ ಅಪ್ಪ ಹೇಳ್ತಾರೆ."

"ನೀನು ಈಗ ಅದನ್ನೆಲ್ಲ ಯೋಚನೆ ಮಾಡ್ಬೇಡ. ಕಣ್ಣು ಮುಚ್ಚು."

ಗುಬ್ಬಿ ಕಣ್ಣು ಮುಚ್ಚಿದಳು. ಕನ್ನಡಕ ಹಾಕಿಕೊಂಡೇ ಮುಚ್ಚಿದ್ದಳು. ನರ್ಸಮ್ಮ ಹೋಗಿ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೂಗಿನ ಎರಡೂ ಕಡೆ ಕನ್ನಡಕದ ಗುರುತು ಕೆಂಪಗೆ ಒತ್ತಿತ್ತು. ಅದನ್ನು ಕಂಡ ಮೇಲೆ ಕಳಿಸಿಬಿಟ್ಟರಾಯಿತು ಅನ್ನುವ ಮಾತು ಮನಸ್ಸಿನಲ್ಲಿ ಮತ್ತೆ ಏಳಲಿಲ್ಲ. ಹೆದರಿಕೆ ಮಾತ್ರ ಹಾಗೇ ಇತ್ತು.

ರಿಸೆಪ್ಷನ್ನಿನಿಂದ ಕರೆ ಬಂತು, ಮಾವ ಅವಳನ್ನೇ ನೋಡಬೇಕಂತೆ. ಹೊರಗಿನವರನ್ನು ರಿಸೆಪ್ಷನ್ ದಾಟಿ ಬರಲು ಬಿಡುತ್ತಿರಲಿಲ್ಲ. "ಮಲಗಿರು, ಈಗ ಬಂದೆ" ಎಂದು ಗುಬ್ಬಿಗೆ ಹೇಳಿ ಅವಳು ಹೋದಳು.

ಮಾವ ಎದ್ದು ನಿಂತು ಕೈ ಮುಗಿದ. ಮುಖದ ತುಂಬ ನಗು.

"ಏನು ತಂಗಿ, ಚೆನ್ನಾಗಿದೀಯಾ? ಮಗೂಗೆ ಜ್ವರ ಅಂತೆ ಪಾಪ. ಎಷ್ಟಿದೆ?"

"ಜಾಸ್ತಿನೇ ಇದೆ."

"ಅಯ್ಯೋ. ಬೆಳಿಗ್ಗೆ ಕಾರು ಹತ್ತುವಾಗ ಚೆನ್ನಾಗೇ ಇದ್ಲು. ನಾನೇ ಹತ್ತಿಸಿದ್ದು. ಹೋಗ್ಲಿ, ಮಕ್ಕಳಿಗೆ ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಹೇಳೋಕಾಗಲ್ಲ." ಅವನು ಜೇಬಿನಿಂದ ಚಾಕಲೇಟು ತೆಗೆದು ರಿಸೆಪ್ಷನ್ನಿನ ಹುಡುಗಿಗೆ ಒಂದು ಕೊಟ್ಟ, ನರ್ಸಮ್ಮನ ಅಂಗೈಯಲ್ಲಿ ಎರಡು ಇಟ್ಟ. "ಚಿನ್ನಿಗೆ. ನಾನು ಕಾಯ್ತೀನಿ ತಂಗಿ. ಜ್ವರ ಇಳಿದ್ರೆ ಗುಬ್ಬಿನ ಕರ್ಕೊಂಡು ಹೋಗ್ತೀನಿ. ಇಳೀದೇ ಇದ್ರೆ, ಕಾರು ಖಾಲಿ ಹೋಗೋದು ಚೆನ್ನಾಗಿರಲ್ಲ ನೋಡು, ಚಿನ್ನಿನೇ ಕರ್ಕೊಂಡು ಹೋಗ್ತೀನಿ. ಅವಳಿಗೇನೂ ಜ್ವರ ಇಲ್ವಲ್ಲ?"

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ. ರಿಸೆಪ್ಷನ್ನಿನ ಹುಡುಗಿ ಚಾಕಲೇಟಿನ ಕಾಗದ ಬಿಚ್ಚುತ್ತಾ, ಎಷ್ಟು ಒಳ್ಳೆಯವರು ಅನ್ನುವ ಹಾಗೆ ಅವನನ್ನೇ ನೋಡುತ್ತಿದ್ದಳು. ಮಾವ ಹೊರಗೆ ಹೋಗಿ ಬಿಸಿಲಿನಲ್ಲಿ ಕಾರಿನ ಪಕ್ಕ ನಿಂತ. ಬೇಕೆಂದೇ ಕಿಟಕಿಗಳಿಗೆಲ್ಲ ಕಾಣುವ ಹಾಗೆ ನಿಂತ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಅವಳ ಕಾಲು ತಾನಾಗಿ ಸಿಕ್ ರೂಮಿನ ಕಡೆ ಹೋಗದೆ ಮೇಲಿನ ಮಹಡಿಗೆ ಹೋಯಿತು. ಎರಡನೇ ಕ್ಲಾಸಿನ ಬಾಗಿಲಿಗೆ ಸಣ್ಣ ಗಾಜು ಇತ್ತು. ಚಿನ್ನಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು, ನಾಲಿಗೆ ಹೊರಚಾಚಿ, ಕತ್ತರಿಯಲ್ಲಿ ಕಾಗದ ಕತ್ತರಿಸುತ್ತಿದ್ದಳು. ಇವಳನ್ನು ಈಗಲೇ ಎತ್ತಿಕೊಂಡು ಹಿಂದಿನ ಗೇಟಿನಿಂದ ಓಡಿಬಿಡಲೇ? ಎಲ್ಲಿಗೆ? ಹಿಂದಿನ ಗೇಟಿನಲ್ಲೂ ಕಾವಲಿನವನಿದ್ದಾನೆ, ಬೀದಿ ದಾಟಿದರೆ ಬಸ್ ಸ್ಟಾಪ್ ಇದೆ, ಬಸ್ಸು ಹತ್ತಿದರೆ ಕೊನೆಗೆ ಇಳಿಯುವುದು ಎಂಬಸಿಯ ಕ್ವಾರ್ಟರ್ಸಿನ ಮುಂದೆ. ಈ ಊರಿನಲ್ಲಿ ಅವಳಿಗೆ ಗೊತ್ತಿದ್ದ ದಾರಿಯೇ ಅದೊಂದು. ಇಷ್ಟು ವರ್ಷ ಇದ್ದೂ ಇನ್ನೊಂದು ದಾರಿ ಕಲಿಯಲಿಲ್ಲವಲ್ಲ ಎಂದು ತನ್ನ ಮೇಲೇ ಬೇಜಾರಾಯಿತು.

ಒಂದು ಮಾತ್ರ ಗಟ್ಟಿಮಾಡಿಕೊಂಡಳು. ಚಿನ್ನಿಯನ್ನೂ ಕೆಳಗೆ ಕರೆದುಕೊಂಡು ಹೋಗುವುದು. ಇಬ್ಬರನ್ನೂ ಸಿಕ್ ರೂಮಿನಲ್ಲಿ ಮಲಗಿಸಿ, ಇಬ್ಬರಿಗೂ ಜ್ವರ, ಅಂಟುಜ್ವರ, ಎಂದುಬಿಡುವುದು. ಗುಬ್ಬಿಯ ಅಪ್ಪ ಅಮ್ಮ ಬರುವ ತನಕ ಬಾಗಿಲು ತೆಗೆಯದಿರುವುದು. ಆಮೇಲೆ ಅವರ ಕೈಕಾಲು ಹಿಡಿದಾದರೂ ಸರಿ, ಅವರು ಬರುವ ಗಾಡಿಯನ್ನೇ ತಾನೂ ಮಗಳೂ ಹತ್ತಿ ಆ ಆಫೀಸಿಗೆ ಹೋಗುವುದು. ಗಂಡನ ಗತಿ? ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಳು. ಹಾಗಂದುಕೊಂಡದ್ದಕ್ಕೆ ಅಳು ಬಂತು. ಆದರೂ ಬಾಗಿಲು ತಟ್ಟಿ, ಟೀಚರಿಗೆ ಹೇಳಿ, ಚಿನ್ನಿಯ ಕೈ ಹಿಡಿದು ಕೆಳಗೆ ಇಳಿದಳು. ಚಿನ್ನಿ ಅರ್ಧ ಕತ್ತರಿಸಿದ ಕಾಗದ ಬಿಡಲೊಲ್ಲದೆ ಅದನ್ನೂ ಹಿಡಿದುಕೊಂಡು ಬಂದಳು.

ಸಿಕ್ ರೂಮಿನ ಮಂಚದ ಮೇಲೆ ಹೊದಿಕೆ ನೀಟಾಗಿ ಮಡಿಸಿಟ್ಟಿತ್ತು. ಬೂಟು ಇರಲಿಲ್ಲ. ಮೇಜಿನ ಮೇಲೆ ಕನ್ನಡಕ ಇರಲಿಲ್ಲ. ಪರದೆ ಒಂದು ಪಕ್ಕಕ್ಕೆ ಸರಿದಿತ್ತು.

ಅವಳು ಚಿನ್ನಿಯನ್ನು ಅಲ್ಲೇ ಬಿಟ್ಟು ಓಡಿದಳು. ರಿಸೆಪ್ಷನ್ನಿನ ಹುಡುಗಿ ನಗುತ್ತಾ ತಲೆ ಎತ್ತಿದಳು.

"ಎಷ್ಟು ಜಾಣ ಹುಡುಗಿ ನೋಡಿ. ಅವಳೇ ಬಂದು, ನಂಗೆ ಜ್ವರ ಹೋಯ್ತು, ಮಾವ ಪಾಪ ಬಿಸಿಲಲ್ಲಿ ನಿಂತಿದಾರೆ, ನಾನು ಹೊರಡ್ತೀನಿ ಅಂದ್ಲು. ನಿಮಗೆ ಥ್ಯಾಂಕ್ಸ್ ಹೇಳೋಕೆ ಹೇಳಿದಾಳೆ."

ಗೇಟಿನಲ್ಲಿ ಕಾರು ಇರಲಿಲ್ಲ. ಬೀದಿಯ ಕೊನೆಯಲ್ಲಿ ಅದು ತಿರುಗುವುದು ಒಂದು ಕ್ಷಣ ಕಂಡು ಮರೆಯಾಯಿತು. ಯಾರೂ ಗುಬ್ಬಿಯನ್ನು ಎಳೆದುಕೊಂಡು ಹೋಗಿರಲಿಲ್ಲ. ಪರದೆ ಸರಿಸಿ ನೋಡಿದ್ದಾಳೆ, ತನಗಾಗಿ ಒಬ್ಬ ದೊಡ್ಡ ಮನುಷ್ಯ ಬೆವರುತ್ತಾ ನಿಂತಿರುವುದನ್ನು ಕಂಡಿದ್ದಾಳೆ, ನಾಚಿಕೊಂಡಿದ್ದಾಳೆ. ಬೇರೆ ಯಾವ ಮನೆಯ ಮಗುವಾಗಿದ್ದರೂ ಹಾಯಾಗಿ ಮಲಗಿಬಿಡುತ್ತಿತ್ತು.

ಮಾವ ಮಗುವನ್ನು ಡ್ರೈವರಿನ ಜೊತೆ ಕಳಿಸಿ ತಾನು ಹೋಗಿರಲಿಲ್ಲ. ಗೇಟಿನ ನೆರಳಿನಲ್ಲಿ ಕರವಸ್ತ್ರದಿಂದ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದವನು ಅವಳನ್ನು ಕಂಡು ಹತ್ತಿರ ಬಂದ.

"ಒಳ್ಳೇ ಕೆಲಸ ಮಾಡಿದೆ ತಂಗಿ. ನೀನು ತಿಳಿದವಳು ಅಂತ ನಂಗೊತ್ತಿತ್ತು. ಆಂಟಿ ಜ್ವರ ವಾಸಿ ಮಾಡಿದ್ರು ಅಂದ್ಲು ಮಗು. ಆಗ್ಲೇ ನಿನ್ನ ಯಜಮಾನ್ರಿಗೆ ಫೋನ್ ಮಾಡಿ ಹೇಳಿಬಿಟ್ಟೆ, ನಿಮ್ಮ ಮನೆಯವ್ರೇ ಕಳಿಸಿಕೊಟ್ರು, ಏನೂ ಯೋಚನೆ ಮಾಡ್ಬೇಡಿ ಅಂತ. ಪಾಪ, ಅತ್ತೇ ಬಿಟ್ಟ ಮನುಷ್ಯ."

ನರ್ಸಮ್ಮ ಬಾಯಿ ತೆರೆದಳು. ನಾನು ಕಳಿಸಲಿಲ್ಲ ಅಂದರೆ ನಾನು ಬಚ್ಚಿಟ್ಟಿದ್ದೆ ಎಂದ ಹಾಗೆ. ಸಿಕ್ ರೂಮಿನಲ್ಲಿ ಚಿನ್ನಿ ಕಾಗದ ಹಿಡಿದು ಕೂತಿದ್ದಾಳೆ. ಅವಳು ತೆರೆದ ಬಾಯನ್ನು ಮುಚ್ಚಿಕೊಂಡಳು.

ಅಷ್ಟರಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಗುಬ್ಬಿಯ ಅಮ್ಮ ಬಾಗಿಲು ಪೂರ್ತಿ ತೆಗೆಯುವ ಮೊದಲೇ ಇಳಿದಳು. ಮುಖ ಅರಳಿತ್ತು. ಸಹಿ ಆಗಿದೆ ಎಂದು ಆ ಮುಖವೇ ಹೇಳುತ್ತಿತ್ತು. ಹಿಂದೆ ಗುಬ್ಬಿಯ ಅಪ್ಪ ಟ್ಯಾಕ್ಸಿಯವನಿಗೆ ಕಾಯಲು ಹೇಳುತ್ತಿದ್ದರು. ಎರಡು ಹೆಜ್ಜೆ ಓಡಿ ಬಂದವಳು ನರ್ಸಮ್ಮನ ಪಕ್ಕದಲ್ಲಿ ಮಾವನನ್ನು ಕಂಡು ನಿಂತುಬಿಟ್ಟಳು.

"ಬನ್ನಿ ಬನ್ನಿ" ಅಂದ ಮಾವ. "ಸ್ವಲ್ಪ ತಡ ಆಯ್ತು ನೀವು ಬಂದಿದ್ದು. ಮಗು ಈಗಷ್ಟೇ ಹೊರಟ್ಲು. ನಮ್ಮ ನರ್ಸಮ್ಮನೇ ಕಳಿಸಿಕೊಟ್ರು. ಬನ್ನಿ, ಒಟ್ಟಿಗೇ ಹೋಗೋಣ, ಅವಳು ಅಲ್ಲಿ ಕಾಯ್ತಾ ಇರ್ತಾಳೆ."

ಗುಬ್ಬಿಯ ಅಮ್ಮ ಅವನ ಕಡೆ ನೋಡಲೇ ಇಲ್ಲ.

"ಹೌದಾ ಅಕ್ಕ? ನೀವೇ ಕಳಿಸಿದ್ರಾ?"

ಮಾವ ಕರವಸ್ತ್ರ ಮಡಿಸುವುದನ್ನು ನಿಲ್ಲಿಸಿ ನರ್ಸಮ್ಮನ ಬಾಯಿಯನ್ನೇ ನೋಡುತ್ತಿದ್ದ.

"ಹೌದು" ಅಂದಳು ನರ್ಸಮ್ಮ. "ನಾನೇ ಕಳಿಸಿದೆ."

ಗುಬ್ಬಿಯ ಅಪ್ಪ ಹತ್ತಿರ ಬಂದಿದ್ದರು. ಲಿಫ್ಟಿನಲ್ಲಿ ತಲೆ ಆಡಿಸುತ್ತಿದ್ದ ಆ ಮನುಷ್ಯನ ಮುಖ ಕೆಂಪೇರಿತು. "ನೀವು ಹೇಳಿದ್ದೇನು, ಈಗ..." ಎಂದು ಶುರುಮಾಡಿದರು. ಫೋನಿನ ಮಾತು, ಜ್ವರದ ಮಾತು, ಎಲ್ಲ ಇನ್ನೇನು ಮಾವನ ಮುಂದೆ ಹೊರಬೀಳುವುದರಲ್ಲಿತ್ತು.

ಗುಬ್ಬಿಯ ಅಮ್ಮ ಗಂಡನ ತೋಳು ಹಿಡಿದು ಎಳೆದಳು.

"ಏನೂ ಹೇಳ್ಬೇಡಿ" ಅಂದಳು. "ಅವರಿಗೂ ಮಗಳಿದಾಳೆ."

ಆಮೇಲೆ ನರ್ಸಮ್ಮನ ಕಡೆ ತಿರುಗಿದಳು. ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ನರ್ಸಮ್ಮ ಕಾದಳು. ಬಯ್ದಿದ್ದರೆ ಚೆನ್ನಾಗಿತ್ತು.

"ಹೋಗುವಾಗ ಅತ್ಲಾ ಅಕ್ಕ?"

"ಇಲ್ಲ. ಅಳಲಿಲ್ಲ."

"ಸದ್ಯ" ಅಂದಳು ಗುಬ್ಬಿಯ ಅಮ್ಮ. ನರ್ಸಮ್ಮನ ಕೈಯನ್ನು ಒಂದು ಸಲ ಮೆಲ್ಲಗೆ ಒತ್ತಿ, ಗಂಡನನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ಕೂತಳು. ಮಾವ ಮುಂದಿನ ಸೀಟಿನಲ್ಲಿ ಕೂತು ಡ್ರೈವರಿಗೆ ದಾರಿ ಹೇಳಿದ. ನರ್ಸಮ್ಮ ಮಾಡದ ತಪ್ಪನ್ನು ಆ ಹೆಂಗಸು ಪೂರ್ತಿಯಾಗಿ ಕ್ಷಮಿಸಿಬಿಟ್ಟಿದ್ದಳು. ಇನ್ನು ಅದನ್ನು ಹಿಂದಕ್ಕೆ ಕೊಡಲು ಆಗುತ್ತಿರಲಿಲ್ಲ. ಟ್ಯಾಕ್ಸಿ ಹೊರಟಾಗ ನರ್ಸಮ್ಮ ಅದರ ಹಿಂದೆ ನಾಲ್ಕು ಹೆಜ್ಜೆ ನಡೆದಳು, ಆಮೇಲೆ ಗೇಟಿನ ಕಾವಲಿನವನು ನೋಡುತ್ತಿದ್ದಾನೆಂದು ನಿಂತಳು. ಶಾಲೆ ಬಿಡುವ ಗಂಟೆ ಹೊಡೆಯಿತು, ಒಳಗಿಂದ ಚಿನ್ನಿ ಅಮ್ಮಾ ಎಂದು ಕೂಗುವುದು ಕೇಳಿಸಿತು.